ಮಾವನ ಕಣ್ಣಿನ ತೂಬು

ನನ್ನ ಮಾವನನ್ನು ಕಂಡರೆ ನನಗೆ ಆಗುತ್ತಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಸತ್ತವರ ಬಗ್ಗೆ ಬರೆಯಲು ಕೂತವರೆಲ್ಲ ಒಂದು ಲೋಟ ಕಣ್ಣೀರು ಪಕ್ಕದಲ್ಲಿಟ್ಟುಕೊಂಡೇ ಶುರು ಮಾಡುತ್ತಾರೆ, ನನ್ನ ಹತ್ತಿರ ಅದಿಲ್ಲ. ಹೊಳಲ್ಕೆರೆಯಲ್ಲಿ ಎಸ್ಸೆಸ್ಸೆಲ್ಸಿ ಪಾಸು ಮಾಡಿದ್ದ ನನ್ನನ್ನು ಐಮಂಗಲದ ಹತ್ತಿರದ ಒಂದು ಹಳ್ಳಿಗೆ, ಕುರಿ ಮಂದೆಯ ಮನೆಗೆ ಕೊಟ್ಟರು. ಅದು ಎಪ್ಪತ್ತರ ದಶಕದ ಶುರು. ಅತ್ತೆ ಆಗಲೇ ತೀರಿಹೋಗಿದ್ದರು. ಗಂಡ ವರ್ಷದಲ್ಲಿ ಆರು ತಿಂಗಳು ಕುರಿಗಳ ಹಿಂದೆ ಊರೂರು ಅಲೆಯುವವನು. ಮನೆಯಲ್ಲಿ ಉಳಿಯುತ್ತಿದ್ದವರು ನಾನು ಮತ್ತು ಮಾವ. ಗೋಡೆಯಾಚೆಯ ಮನೆಯಲ್ಲಿ ಮಾವನ ತಮ್ಮ ಇದ್ದರು. ಅವರನ್ನು ನಾನು ಚಿಕ್ಕಮಾವ ಎನ್ನುತ್ತಿದ್ದೆ.

ತವರಿನಿಂದ ನಾನು ತಂದ ಬಳುವಳಿಯಲ್ಲಿ ಒಂದು ವಿದ್ಯೆಯೂ ಇತ್ತು. ಕಣ್ಣಿಗೆ ಹೊಟ್ಟು, ಜೋಳದ ಸುಂಕು, ಉಣ್ಣೆಯ ಎಳೆ ಬಿದ್ದರೆ ನಾಲಿಗೆಯಿಂದ ತೆಗೆಯುವುದು. ಹೊಸದುರ್ಗದ ಕಡೆಯವಳಾದ ನನ್ನ ಅಜ್ಜಿ ಅದರಲ್ಲಿ ಹೆಸರಾದವಳು, ನನಗೂ ಕಲಿಸಿದ್ದಳು. ಉಪ್ಪುನೀರಿನಲ್ಲಿ ಬಾಯಿ ಮುಕ್ಕಳಿಸಬೇಕು. ಹೆಬ್ಬೆರಳಿನಿಂದ ರೆಪ್ಪೆ ಎತ್ತಿ, ಮೂಗಿನ ಕಡೆಯಿಂದ ಕಿವಿಯ ಕಡೆಗೆ ನಾಲಿಗೆಯ ತುದಿ ಒಂದೇ ಸಲ ಹಾಯಿಸಬೇಕು. ಕಸ ಬಂದ ಮೇಲೆ ಮತ್ತೆ ಮುಟ್ಟಬಾರದು. ಬಾಯಲ್ಲಿ ಹುಣ್ಣೋ ಕೀವೋ ಇದ್ದ ದಿನ ಬೇರೆ ಯಾರನ್ನಾದರೂ ಹುಡುಕಿಕೊಳ್ಳಿ ಎಂದು ಕಳಿಸಿಬಿಡಬೇಕು. ಅಜ್ಜಿಯ ನೇಮ ಇಷ್ಟೇ. ಉಗುರಿಗಿಂತ, ಸೆರಗಿನ ಚುಂಗಿಗಿಂತ ನಾಲಿಗೆ ಮೆತ್ತಗಿರುತ್ತದೆ ಎನ್ನುವುದು ನಮ್ಮಲ್ಲಿ ಯಾರೂ ಪ್ರಶ್ನೆ ಮಾಡದ ಮಾತು. ಕುರಿಯ ಊರಿನಲ್ಲಿ ಕಣ್ಣಿಗೆ ಉಣ್ಣೆ ಬೀಳದ ದಿನವಿಲ್ಲ, ಹಾಗಾಗಿ ಬಂದ ಎರಡನೇ ತಿಂಗಳಿಗೆ ನನ್ನ ಹತ್ತಿರ ಜನ ಬರತೊಡಗಿದರು.

ಮಾವನಿಗೆ ಅದು ಹೇಸಿಗೆ. ಜಗಲಿಯ ಮೇಲೆ ಕೂತು ಬಂದವರೆದುರೇ ಅನ್ನುತ್ತಿದ್ದರು: "ನಾಯಿ ನೆಕ್ಕಿದಂಗೆ ಮಂದಿ ಮಕ ನೆಕ್ತಾಳೆ. ಎಸ್ಸೆಸ್ಸೆಲ್ಸಿ ಓದಿದ್ದು ಇದಕ್ಕೇನೇ?" ಮನೆಗೆ ಮಾರಿ, ಊರಿಗೆ ಉಪಕಾರಿ ಎಂದು ಮೇಲೊಂದು ಗಾದೆ ಸೇರಿಸುತ್ತಿದ್ದರು. ನಾನು ತಲೆಯ ಮೇಲಿನ ಸೆರಗು ಸರಿ ಮಾಡಿಕೊಂಡು ಸುಮ್ಮನಿರುತ್ತಿದ್ದೆ. ಮಾವನ ಎದುರು ಸೊಸೆ ಕೂರುವಂತಿಲ್ಲ, ಮೈ ಸೋಕುವಂತಿಲ್ಲ, ಹೆಸರು ಹೇಳುವಂತಿಲ್ಲ. ಮನಸ್ಸಿನಲ್ಲಿ ಬೈಯುವುದಕ್ಕೆ ಮಾತ್ರ ಯಾವ ಕಟ್ಟೂ ಇರಲಿಲ್ಲ, ಅದನ್ನು ನಾನು ಧಾರಾಳವಾಗಿ ಮಾಡುತ್ತಿದ್ದೆ.

ಮದುವೆಯಾದ ವರ್ಷವೇ ಅವರು ಬಾಗಿಲ ಚೌಕಟ್ಟಿಗೆ ಹಾಯತೊಡಗಿದರು. ಒಂದು ದಿನ ಹಣೆಯಲ್ಲಿ ರಕ್ತ ಇಳಿಸಿಕೊಂಡು, "ಬಾಗಿಲನ್ನ ಯಾರೇ ಸರ್ಸಿದ್ದು?" ಎಂದು ನನ್ನ ಮೇಲೆ ಹರಿಹಾಯ್ದರು. ಆಮೇಲೆ ಎಡಗಡೆಯಿಂದ ತಪ್ಪಿಸಿಕೊಂಡು ಹೋಗುವ ಕುರಿ ಕಾಣದಾಯಿತು. ಗಂಡ ಮಂದೆಯ ಜೊತೆ ದೂರ ಹೋಗಿದ್ದ. ಚಿಕ್ಕಮಾವನೂ ನಾನೂ ಅವರನ್ನು ಬಸ್ಸಿನಲ್ಲಿ ದುರ್ಗಕ್ಕೆ, ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆವು.

ಡಾಕ್ಟರು ಮಾವನ ಬಲಗಣ್ಣು ಮುಚ್ಚಿ ಎಡಗಣ್ಣಿನ ಮುಂದೆ ದೀಪ ಹಿಡಿದರು. ಮಾವನಿಗೆ ದೀಪವೇ ಕಾಣಲಿಲ್ಲ.

"ಈ ಕಣ್ಣು ಹೋಗಿ ವರ್ಷವೇ ಆಗಿರಬೇಕು. ನಿಮಗೆ ಗೊತ್ತೇ ಆಗಲಿಲ್ವಾ?"

"ನನ್ ಕಣ್ಣು ನನಗೆ ಗೊತ್ತಿಲ್ವ? ನಿಮ್ ದೀಪ ಸರಿಯಿಲ್ಲ" ಎಂದರು ಮಾವ.

ನನಗೆ ಓದು ಬರಹ ಬರುತ್ತದೆ ಎಂದು ತಿಳಿದು ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದರು. "ಕಣ್ಣೊಳಗೆ ನೀರು ಹುಟ್ಟುತ್ತೆ, ಹರಿದು ಹೋಗುತ್ತೆ. ಇವರ ಕಣ್ಣಲ್ಲಿ ಹರಿಯೋ ದಾರಿ ಕಟ್ಟಿದೆ. ನೀರಿನ ಒತ್ತಡಕ್ಕೆ ಹಿಂದಿನ ನರ ಸಾಯ್ತಾ ಇದೆ. ಕೆರೆಗೆ ತೂಬು ಇರುತ್ತಲ್ಲ, ಅಂಥದ್ದೊಂದನ್ನ ಬಲಗಣ್ಣಿನ ಮೇಲುಗಡೆ ಮಾಡ್ತೀನಿ. ನೀರು ಅಲ್ಲಿಂದ ಇಳಿದು ಬಿಳಿಗುಡ್ಡೆ ಮೇಲೆ ಒಂದು ಗುಳ್ಳೆ ಏಳುತ್ತೆ. ಆ ಗುಳ್ಳೆ ಚೆನ್ನಾಗಿದ್ರೆ ಕಣ್ಣು ಇರುತ್ತೆ. ಹೋಗಿರೋ ದೃಷ್ಟಿ ಬರಲ್ಲ, ಇರೋದು ಉಳಿಯುತ್ತೆ. ಇದನ್ನ ಅವರಿಗೆ ಸರಿಯಾಗಿ ಹೇಳಿ."

ನಾನು ಸರಿಯಾಗಿಯೇ ಹೇಳಿದೆ. ಮಾವ ತಮಗೆ ಬೇಕಾದಷ್ಟನ್ನು ಮಾತ್ರ ಕೇಳಿಸಿಕೊಂಡರು. ಆಪರೇಷನ್ ಆಗಿ ಪಟ್ಟಿ ಬಿಚ್ಚಿದ ದಿನ ಡಾಕ್ಟರು ಬೆರಳು ತೋರಿಸಿ ಎಣಿಸಲು ಹೇಳಿದರು. ಮಾವ ಎಣಿಸಿದರು. "ಮೊದ್ಲು ಎಷ್ಟು ಕಾಣ್ತಿತ್ತೋ ಅಷ್ಟೇ ಕಾಣ್ತೈತೆ" ಎಂದರು. ಡಾಕ್ಟರು ಮಗು ಹುಟ್ಟಿದಷ್ಟು ಸಂತೋಷಪಟ್ಟು, "ಅದೇ ಬೇಕಾಗಿರೋದು!" ಎಂದು ಅವರ ಬೆನ್ನು ತಟ್ಟಿದರು. ಮಾವ ಮುಖ ಕಿವುಚಿಕೊಂಡು, "ಅಷ್ಟಕ್ಕೆ ಅಷ್ಟೇ ಇರಾದಾದ್ರೆ ಕೊಯ್ದಿದ್ದು ಯಾಕೆ?" ಎಂದು ಕೇಳಿದರು.

ಹೊರಡುವಾಗ ಡಾಕ್ಟರು ಹೇಳಿದ್ದನ್ನೆಲ್ಲ ನಾನು ಬರೆದುಕೊಂಡೆ. ಕಣ್ಣು ಉಜ್ಜಬಾರದು. ನಂದಿಬಟ್ಟಲ ಹೂವಿನ ರಸ, ಎದೆಹಾಲು, ಹರಳೆಣ್ಣೆ ಏನೂ ಹಾಕಬಾರದು. ಕೆರೆನೀರು ತಾಗಬಾರದು. ಕೈ, ಬಟ್ಟೆ ತಾಗಿಸಬಾರದು. ಕೆಂಪಾದರೆ ಅವತ್ತೇ ಬರಬೇಕು. "ಹತ್ತು ವರ್ಷ ಆದ್ರೂ ಈ ಎಚ್ಚರ ಬಿಡಬಾರದಮ್ಮ. ಗುಳ್ಳೆ ಮೇಲಿನ ಚರ್ಮ ವರ್ಷ ಹೋದಂಗೆ ತೆಳ್ಳಗಾಗುತ್ತೆ" ಎಂದರು. ನಾಲಿಗೆಯ ಮಾತು ಅವರು ಎತ್ತಲಿಲ್ಲ. ದುರ್ಗದಲ್ಲಿ ಓದಿ ಬೆಳೆದ ಮನುಷ್ಯನಿಗೆ ಅದು ಹೊಳೆಯುವುದಾದರೂ ಹೇಗೆ? ನಾನೂ ಕೇಳಲಿಲ್ಲ.

ಆರು ತಿಂಗಳಿಗೊಮ್ಮೆ ತೋರಿಸಲು ಹೋಗುತ್ತಿದ್ದೆವು. ಪ್ರತಿ ಸಲವೂ ಡಾಕ್ಟರು ನೋಡಿ, "ಹಾಗೇ ಇದೆ" ಎನ್ನುತ್ತಿದ್ದರು. ಅವರ ಪಾಲಿಗೆ ಅದು ಗೆಲುವು. ಮಾವನ ಪಾಲಿಗೆ ಕೆನ್ನೆಗೆ ಹೊಡೆದ ಹಾಗೆ. ಊದುಗೊಳವೆಯಲ್ಲಿ ಇಣುಕಿದರೆ ಎಷ್ಟು ಕಾಣುತ್ತದೋ ಅಷ್ಟು ಅವರಿಗೆ ಕಾಣುತ್ತಿತ್ತು. ನೇರ ಎದುರಿಗಿದ್ದದ್ದು ಚೊಕ್ಕವಾಗಿ ಕಾಣುತ್ತಿತ್ತು, ಪಕ್ಕದ್ದು ಇಲ್ಲವೇ ಇಲ್ಲ. ಆ ಅಷ್ಟು ದೃಷ್ಟಿಯನ್ನು ಅವರು ಪೂರಾ ನನ್ನ ಮೇಲೆ ಖರ್ಚು ಮಾಡಿದರು. ಮುದ್ದೆಯಲ್ಲಿ ಗಂಟು ಕಂಡರೆ ತಟ್ಟೆ ಅಂಗಳಕ್ಕೆ ಹಾರುತ್ತಿತ್ತು. ನಾನು ಯಾರ ಜೊತೆ ನಿಂತು ಮಾತಾಡಿದೆ, ಎಷ್ಟು ಹೊತ್ತು ನಿಂತೆ ಎಂದು ಗಂಡ ಬಂದಾಗ ವರದಿ ಒಪ್ಪಿಸುತ್ತಿದ್ದರು. ಒಂದು ಸಲ ಮೂರು ತಿಂಗಳ ಬಸುರಿಯಾಗಿದ್ದಾಗ ಬೆನ್ನಿಗೆ ಕುರಿ ಹೊಡೆಯುವ ಕೋಲು ಬಿತ್ತು. ಗುರಿ ತಪ್ಪಿರಲಿಲ್ಲ. ಡಾಕ್ಟರು ಉಳಿಸಿಕೊಟ್ಟ ಕಣ್ಣು ಚೆನ್ನಾಗಿಯೇ ಕೆಲಸ ಮಾಡುತ್ತಿತ್ತು.

ನಾನೇನು ಕಡಿಮೆಯವಳಲ್ಲ. ಅವರಿಗೆ ಕಾಣದ ಜಾಗ ಎಲ್ಲಿಂದ ಶುರುವಾಗುತ್ತದೆ ಎಂದು ಡಾಕ್ಟರಿಗಿಂತ ಚೆನ್ನಾಗಿ ತಿಳಿದುಕೊಂಡಿದ್ದೆ. ಅವರ ಪಕ್ಕದಲ್ಲೇ ನಿಂತು, ಅವರು ಪೆಟ್ಟಿಗೆಯಲ್ಲಿ ಬಚ್ಚಿಟ್ಟ ಬೆಲ್ಲ ತಿನ್ನುತ್ತಿದ್ದೆ. ಅವರು ಏಳುವ ಹೊತ್ತಿಗೆ ನೀರಿನ ಬಿಂದಿಗೆಯನ್ನು ಕಾಲಿನ ಬಳಿ ಸರಿಸಿಡುತ್ತಿದ್ದೆ. ಒಂದು ಸಂಜೆ ಅವರು ರೊಪ್ಪದ ಮುಳ್ಳುಬೇಲಿಗೆ ನೇರ ನಡೆದುಹೋದರು. ಕುರಿ ಕೂಡುವ ಆ ಬೇಲಿಯ ಜಾಲಿ ಮುಳ್ಳು ಬೆರಳುದ್ದ ಇರುತ್ತದೆ. ಬೇಲಿ ಇದೆ ಎಂದು ಕೂಗಲು ನನಗೆ ಬೇಕಾದಷ್ಟು ಸಮಯವಿತ್ತು, ಕೂಗಲಿಲ್ಲ. ಚಿಕ್ಕಮಾವ ಮುಳ್ಳು ಕೀಳುವಾಗ ನಾನು ಸೆರಗು ಬಾಯಿಗೆ ತುರುಕಿಕೊಂಡು ನಕ್ಕೆ.

ವಿಚಿತ್ರವೆಂದರೆ, ವರ್ಷ ಕಳೆದ ಹಾಗೆ ಮಾವನಿಗೆ ಆ ಆಪರೇಷನ್ ಮೇಲೆ ಜಂಬ ಬಂತು. ತುರ್ತು ಪರಿಸ್ಥಿತಿಯ ಕಾಲದಲ್ಲಿ ಆಪರೇಷನ್ ಅಂದರೆ ಸಾಕು, ಗಂಡಸರು ಬೇಲಿ ಹಾರಿ ಓಡುತ್ತಿದ್ದರು. ಮಾವ ಮಾತ್ರ ಜಗಲಿಯ ಮೇಲೆ ಕೂತು, ರೆಪ್ಪೆ ಎತ್ತಿ, ಬಿಳಿಗುಡ್ಡೆಯ ಮೇಲಿನ ಗುಳ್ಳೆಯನ್ನು ಬಂದವರಿಗೆಲ್ಲ ತೋರಿಸುತ್ತಿದ್ದರು. "ನೋಡ್ರೋ, ತೂಬು. ನಾನು ಕಣ್ಣು ಕೊಯ್ಸ್ಕಂಡೋನು. ಹಂಗೇ ಐತೆ!" ಎನ್ನುತ್ತಿದ್ದರು. ಅವರನ್ನು ನೋಡಿಯೇ ಪಕ್ಕದ ಊರಿನ ಇಬ್ಬರು ದುರ್ಗಕ್ಕೆ ಹೋಗಿ ಕಣ್ಣು ತೋರಿಸಿ ಬಂದರು.

ಆಪರೇಷನ್ ಆಗಿ ಆರು ವರ್ಷವಾಗಿತ್ತು. ಉಣ್ಣೆ ಕತ್ತರಿಸುವ ದಿನಗಳು. ಬೆಳಿಗ್ಗೆ ಅರ್ಧ ಮಂದೆಯ ಉಣ್ಣೆ ಕತ್ತರಿಸಿ ಮುಗಿದಿತ್ತು. ಉಳಿದ ಕುರಿಗಳ ಮೈ ತೊಳೆಯಲು ಗಂಡಸರೆಲ್ಲ ಅವನ್ನು ಹಳ್ಳಕ್ಕೆ ಹೊಡೆದುಕೊಂಡು ಹೋಗಿದ್ದರು. ರೊಪ್ಪದ ಹತ್ತಿರದ ಚಪ್ಪರದಲ್ಲಿ ಮಾವ ಕೂತು ಕರಿ ಉಣ್ಣೆ, ಕಂದು ಉಣ್ಣೆ ಬೇರೆ ಮಾಡುತ್ತಿದ್ದರು. ನಾನು ಬುತ್ತಿ ತಂದಿದ್ದೆ. ಆ ವಾರ ನನ್ನ ದವಡೆ ಹಲ್ಲು ಕೀವುಗಟ್ಟಿ ಕೆನ್ನೆ ಊದಿತ್ತು. ಬಾಯಲ್ಲಿ ಲವಂಗ ಕಚ್ಚಿಕೊಂಡಿದ್ದೆ.

ಸುಂಟರಗಾಳಿಯೊಂದು ಎದ್ದು ರಾಶಿಯ ಮೇಲೆ ಹಾದುಹೋಯಿತು. ಮಾವ ಕೂಗಿಕೊಂಡರು. ಇದ್ದೊಂದು ಕಣ್ಣಿಗೆ ಉಣ್ಣೆ ಬಿದ್ದಿತ್ತು. ಉಜ್ಜಲು ಎತ್ತಿದ ಕೈಯನ್ನು, ನಿಜ ಹೇಳಬೇಕೆಂದರೆ, ನಾನೇ "ಉಜ್ಜಬ್ಯಾಡ್ರಿ ಮಾವ!" ಎಂದು ತಡೆದೆ. "ದುರ್ಗಕ್ಕೆ ಹೋಗಾಣ. ಡಾಕ್ಟ್ರು ಹೇಳವ್ರೆ" ಎಂದೆ.

"ಉಣ್ಣೆ ರಾಶಿ ಬಿಟ್ಟು ದುರ್ಗಕ್ಕೆ? ಒಂದು ಎಳೆ ಕೂದ್ಲಿಗೆ?" ಕಣ್ಣಿನಿಂದ ನೀರು ಸುರಿಯುತ್ತಿತ್ತು. ಸ್ವಲ್ಪ ಹೊತ್ತು ನರಳಿ, ಆಮೇಲೆ ತಗ್ಗಿದ ದನಿಯಲ್ಲಿ, "ಯಾರಾದ್ರೂ ಅವ್ರಾ ಇಲ್ಲಿ?" ಎಂದು ಕೇಳಿದರು.

"ಯಾರೂ ಇಲ್ಲ."

"ಬಾ ಇಲ್ಲಿ. ಊರಿಗೆಲ್ಲ ಆಗೋ ನಾಲ್ಗೆ ನನಗಾಗಲ್ವೇನು? ಬೇಗ ತೆಗಿ."

ನನ್ನ ಹಲ್ಲು ನನಗೆ ಗೊತ್ತಿತ್ತು. ಅಜ್ಜಿಯ ನೇಮವೂ ಗೊತ್ತಿತ್ತು. ಆಗಲ್ಲ ಎಂದು ಹೇಳಬಹುದಿತ್ತು. ಆದರೆ ಆರು ವರ್ಷ ನನ್ನನ್ನು ನಾಯಿ ಎಂದ ಬಾಯಿ ಈಗ ಬೇಡುತ್ತಿತ್ತು. ಆ ರುಚಿಯನ್ನು ಬಿಟ್ಟುಕೊಡುವಷ್ಟು ದೊಡ್ಡ ಮನಸ್ಸು ನನ್ನದಲ್ಲ. ಲವಂಗ ಉಗಿದೆ. ಬುತ್ತಿಯ ನೀರಿನಲ್ಲಿ ಬಾಯಿ ಮುಕ್ಕಳಿಸಿದೆ, ಉಪ್ಪಿರಲಿಲ್ಲ. ಮಾವನ ಮುಖಕ್ಕೆ ಮುಖ ತಂದು ರೆಪ್ಪೆ ಎತ್ತಿದೆ.

ಒಂದೇ ಸಲಕ್ಕೆ ಎಳೆ ಬಂತು. ನಾಲಿಗೆಯ ತುದಿಗೆ ಆ ಗುಳ್ಳೆಯೂ ಸಿಕ್ಕಿತು. ಹಿತಕಿದ ಅವರೆಯ ಹಾಗೆ ಮೆತ್ತಗಿತ್ತು. ಎಳೆಯನ್ನು ಬೆರಳಿಗೆ ತೆಗೆದುಕೊಂಡೆ. "ಬಂತಾ?" ಎಂದು ಮಾವ ಕೇಳಿದರು. ಅವರ ಕುತ್ತಿಗೆಯ ನರ ಹೆದರಿಕೆಯಲ್ಲಿ ಹೊಡೆದುಕೊಳ್ಳುತ್ತಿತ್ತು. ಆ ಮನುಷ್ಯ ನನ್ನ ಕೈಯಲ್ಲಿ ಅಲುಗಾಡದೆ ಕೂತಿರುವುದನ್ನು ನಾನು ಅವತ್ತೇ ಮೊದಲು ನೋಡಿದ್ದು. "ಇನ್ನೂ ಇಲ್ಲ" ಎಂದೆ. ಇನ್ನೊಂದು ಸಲ ನಾಲಿಗೆ ಹಾಯಿಸಿದೆ, ನಿಧಾನವಾಗಿ. ಆ ಎರಡನೆಯ ಸಲಕ್ಕೆ ಯಾವ ಕಾರಣವೂ ಇರಲಿಲ್ಲ. ದ್ವೇಷವೊಂದೇ ಇತ್ತು.

ಮಾರನೆಯ ದಿನ ಕಣ್ಣು ಕೆಂಪಾಯಿತು. ಕೆಂಪಾದರೆ ಅವತ್ತೇ ಬರಬೇಕು ಎಂದು ಬರೆದುಕೊಂಡವಳು ನಾನು. ಮಾವ ಬೇಡವೆಂದರು, ನಾನೂ ಒತ್ತಾಯ ಮಾಡಲಿಲ್ಲ. ಹೋದರೆ ಡಾಕ್ಟರು ಕೇಳುತ್ತಾರೆ, ಕೇಳಿದರೆ ಏನು ಹೇಳುವುದು ಎನ್ನುವ ಭಯ ಇಬ್ಬರಿಗೂ ಇತ್ತು. ಮೂರನೆಯ ದಿನ ರೆಪ್ಪೆ ಊದಿ ಕಣ್ಣು ಮುಚ್ಚಿಹೋಯಿತು, ಕೀವು ಸೋರಿತು. ಮಾವ ಗೋಡೆಗೆ ತಲೆ ಚಚ್ಚಿಕೊಂಡರು. ಆಗ ಚಿಕ್ಕಮಾವ ಬಂದು ನೋಡಿ, ಹೊತ್ತುಕೊಂಡೇ ಬಸ್ಸು ಹತ್ತಿಸಿದರು.

ಡಾಕ್ಟರು ದೀಪ ಹಿಡಿದು, ಊದಿದ ರೆಪ್ಪೆ ಬಿಡಿಸಿ ನೋಡಿದರು. ಆಮೇಲೆ, "ಏನು ಹಾಕಿದ್ರಿ? ಯಾರಾದ್ರೂ ಮುಟ್ಟಿದ್ರಾ?" ಎಂದು ಕೇಳಿದರು.

"ಏನೂ ಇಲ್ಲ" ಎಂದರು ಮಾವ.

ಡಾಕ್ಟರು ನನ್ನ ಕಡೆ ತಿರುಗಿದರು. "ಏನೂ ಇಲ್ಲ" ಎಂದೆ. ಊದಿದ ಕೆನ್ನೆಯನ್ನು ಸೆರಗಿನಲ್ಲಿ ಮುಚ್ಚಿಕೊಂಡಿದ್ದೆ.

ಇಂಜೆಕ್ಷನ್ ಕೊಟ್ಟರು, ಹಗಲೂ ರಾತ್ರಿ ಔಷಧಿ ಹಾಕಿಸಿದರು. ಏಳು ದಿನದಲ್ಲಿ ಕಣ್ಣು ಪೂರ್ತಿ ಹೋಯಿತು. ಡಾಕ್ಟರ ಮುಖ ನೋಡಲಾಗುತ್ತಿರಲಿಲ್ಲ. "ಆರು ವರ್ಷ ಉಳಿಸ್ಕೊಂಡು ಬಂದಿದ್ದೆ. ಒಮ್ಮೊಮ್ಮೆ ಹೀಗಾಗುತ್ತೆ, ಗುಳ್ಳೆ ತೆಳ್ಳಗಾಗಿ ತಾನಾಗೇ ಕೀವು ಇಳಿಯುತ್ತೆ. ನಾನು ಇನ್ನೂ ಹುಷಾರಾಗಿ ನೋಡ್ಬೇಕಿತ್ತೇನೋ" ಎಂದು ನನ್ನೆದುರು ತಮ್ಮನ್ನೇ ಬೈದುಕೊಂಡರು. ನಾನು ಕೇಳಿಸಿಕೊಂಡು ನಿಂತಿದ್ದೆ. ಹೊರಡುವ ಮುಂಚೆ ಅವರು ಚಿಕ್ಕಮಾವನ ಕಣ್ಣನ್ನೂ ಪರೀಕ್ಷೆ ಮಾಡಿದರು. ಈ ಕಾಯಿಲೆ ಅಣ್ಣನಿಗಿದ್ದರೆ ತಮ್ಮನಿಗೂ ಬರುವುದುಂಟಂತೆ. ಅವರ ಎರಡು ಕಣ್ಣಿಗೂ ಬಂದಿತ್ತು. "ಈಗಲೇ ಆಪರೇಷನ್ ಆದ್ರೆ ನಿಮಗೆ ಸಾಯೋವರೆಗೂ ಕಣ್ಣು ಉಳಿಯುತ್ತೆ. ತಿಂಗಳೊಳಗೆ ಬನ್ನಿ" ಎಂದು ಚೀಟಿ ಬರೆದುಕೊಟ್ಟರು.

ಊರಿನ ನ್ಯಾಯ ತೀರ್ಮಾನಕ್ಕೆ ಎರಡು ದಿನವೂ ಬೇಕಾಗಲಿಲ್ಲ. ತೂಬು ಕೊಯ್ದರೆ ಆರು ವರ್ಷ, ಆಮೇಲೆ ಕಣ್ಣು ಕೊಳೆಯುತ್ತದೆ ಎಂದು ಮಾತಾಯಿತು. ಪಕ್ಕದ ಊರಿನ ಆ ಇಬ್ಬರು ಮತ್ತೆ ದುರ್ಗದ ಬಸ್ಸು ಹತ್ತಲಿಲ್ಲ. ಮಾವ ಜಗಲಿಯ ಮೇಲೆ ಕೂತು ಡಾಕ್ಟರನ್ನು ತಾಯಿ ತಂದೆ ಸೇರಿಸಿ ಬೈಯುತ್ತಿದ್ದರು. ಸೊಸೆಯ ನಾಲಿಗೆ ಮಾವನ ಕಣ್ಣಿಗೆ ತಾಗಿತು ಎಂದು ಊರಿಗೆ ತಿಳಿಯುವುದಕ್ಕಿಂತ ಅವರಿಗೆ ಕುರುಡೇ ವಾಸಿಯಾಗಿತ್ತು. ನನಗೂ ಅಷ್ಟೇ. ಆ ವಿಷಯ ನಮ್ಮಿಬ್ಬರ ನಡುವೆ ಒಂದು ದಿನವೂ ಬರಲಿಲ್ಲ. ಆರು ವರ್ಷ ಕಿತ್ತಾಡಿದ ಮಾವ ಸೊಸೆ ಮೊದಲ ಸಲ ಒಂದೇ ಮಾತಿಗೆ ನಿಂತಿದ್ದೆವು.

ಚಿಕ್ಕಮಾವನ ಬಗ್ಗೆ ಒಂದು ಮಾತು ಹೇಳಬೇಕು. ಆ ಎರಡು ಮನೆಗಳಲ್ಲಿ ನನ್ನನ್ನು ತಾಯಿ ಎಂದು ಕರೆದವರು ಅವರೊಬ್ಬರೇ. ಕೋಲು ಬಿದ್ದ ದಿನ ಅಣ್ಣನ ಕೈಯಿಂದ ಅದನ್ನು ಕಸಿದು ಮುರಿದವರು ಅವರು. ನನ್ನ ಮಗಳು ಹುಟ್ಟಿದಾಗ ಹಿರಿಯೂರು ಸಂತೆಯಿಂದ ಕೆಂಪು ಟೋಪಿ ತಂದಿದ್ದರು. ಚೀಟಿಯ ತಿಂಗಳು ಮುಗಿಯುತ್ತ ಬಂದಾಗ ಒಂದು ಮಧ್ಯಾಹ್ನ ಬಂದು ಜಗಲಿಯ ತುದಿಯಲ್ಲಿ ಕೂತರು. ಇನ್ನೊಂದು ತುದಿಯಲ್ಲಿ ಮಾವ ಕಂಬಳಿ ಹೊದ್ದು ಗೋಡೆಗೆ ಒರಗಿದ್ದರು.

"ಊರೋರು ಏನೇನೋ ಅಂತಾರೆ. ನೀನು ಓದಿದಾಕೆ, ಹತ್ರ ಇದ್ದು ನೋಡಿದಾಕೆ. ನೀನು ಹೆಂಗಂದ್ರೆ ಹಂಗೆ. ಅಣ್ಣನ ಕಣ್ಣು ಆಪರೇಷನ್ನಿಂದಲೇ ಹೋತೇನು ತಾಯಿ?"

ಅವರ ಕೈಯಲ್ಲಿ ಚೀಟಿ ಇತ್ತು, ಬೆವರಿಗೆ ಒದ್ದೆಯಾಗಿತ್ತು. ಅಲ್ಲ ಎಂದರೆ ಅವರು ಮಾರನೆಯ ಬೆಳಿಗ್ಗೆ ಬಸ್ಸು ಹತ್ತುತ್ತಿದ್ದರು. ಆದರೆ ಅಲ್ಲ ಎಂದರೆ, ಮತ್ತೆ ಯಾಕೆ ಹೋಯಿತು ಎಂದೂ ಕೇಳುತ್ತಿದ್ದರು. ನಾನು ಮಾವನ ಕಡೆ ನೋಡಿದೆ. ಮಾವನಿಗೆ ನಾನು ನೋಡಿದ್ದು ಕಾಣಲಿಲ್ಲ, ಆದರೂ ಮುಖ ನನ್ನ ಕಡೆಗೇ ತಿರುಗಿತು.

"ಹೌದು ಚಿಕ್ಕಮಾವ" ಎಂದೆ. "ಆಪರೇಷನ್ನಿಂದಲೇ."

"ಕೇಳಿದ್ಯಲ್ಲ" ಎಂದು ಮಾವ ತಮ್ಮನಿಗೆ ಹೇಳಿದರು. "ಇನ್ನು ಹೋಗು."

ಚಿಕ್ಕಮಾವ ಚೀಟಿಯನ್ನು ಮಡಚಿ, ಒಲೆಗೆ ಹಾಕು ಎಂದು ನನ್ನ ಕೈಗೇ ಕೊಟ್ಟು ಹೋದರು. ನಾನು ಹಾಕಿದೆ.

ಅವರ ಕಣ್ಣು ಒಂದೇ ಸಲ ಹೋಗಲಿಲ್ಲ. ಎರಡು ವರ್ಷ ಹಿಡಿಯಿತು. ಮೊದಲು ಬಾಗಿಲ ಚೌಕಟ್ಟು, ಆಮೇಲೆ ಕುರಿ, ಆಮೇಲೆ ನನ್ನ ಮಗಳ ಮುಖ. ಪ್ರತಿಯೊಂದು ಮೆಟ್ಟಿಲೂ ನನಗೆ ಮೊದಲೇ ಗೊತ್ತಿತ್ತು, ನೋಡುತ್ತ ಇದ್ದೆ. ಬಾಯಿ ಬಿಡಲು ಎರಡು ವರ್ಷದ ಅಷ್ಟೂ ದಿನಗಳು ನನಗಿದ್ದವು. ದಶಕ ಮುಗಿಯುವ ಹೊತ್ತಿಗೆ ಆ ಜಗಲಿಯ ಮೇಲೆ ಅಣ್ಣ ತಮ್ಮ ಇಬ್ಬರೂ ಕುರುಡರಾಗಿ ಕೂರುತ್ತಿದ್ದರು, ಇಬ್ಬರಿಗೂ ಊಟ ಕೊಡುತ್ತಿದ್ದವಳು ನಾನು.

ಒಂದು ದಿನ ತಟ್ಟೆ ಮುಂದಿಟ್ಟಾಗ ಚಿಕ್ಕಮಾವ ಗಾಳಿಯಲ್ಲಿ ಕೈಯಾಡಿಸಿ ನನ್ನ ಕೈ ಹುಡುಕಿ ಹಿಡಿದುಕೊಂಡರು. "ಅವತ್ತು ನೀನೊಬ್ಬಾಕೆ ನಿಜ ಹೇಳ್ದೆ ತಾಯಿ. ಇಲ್ಲಾಂದ್ರೆ ಆ ಡಾಕ್ಟ್ರು ನನ್ನ ಕಣ್ಣೂ ಹಂಗೇ ಕೊಳೆಸ್ತಿದ್ದ. ಅಣ್ಣ ಪಟ್ಟ ನೋವು ನಾನು ತಡ್ಕಳಂಗಿರ್ಲಿಲ್ಲ. ನಿನ್ನ ಹೊಟ್ಟೆ ತಣ್ಣಗಿರ್ಲಿ" ಎಂದರು.

ಮಾವ ಮುದ್ದೆ ನುಂಗುವುದನ್ನು ನಿಲ್ಲಿಸಿದರು.

"ಸಾರು ಆರ್ತೈತೆ, ಉಣ್ರಿ" ಎಂದೆ.